ಬೈಗುಳ ಸವಾರನಿಗೆ, ತಪ್ಪು ಜೀನಿನದು

ಸಂಪಾದಕರಿಗೆ,

ಮಾನ್ಯರೇ,

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹವ್ಯಾಸಕ್ಕೆಂದು ಕುದುರೆ ಸಾಕುತ್ತಿರುವವರ ಕುರಿತು ಕಳೆದ ಭಾನುವಾರ ತಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗಾಡಿ ಶರ್ಯತ್ತು ನಡೆದಾಗ ಮಾತ್ರ ಕುದುರೆಗೆ ಪತ್ರಿಕೆಯಲ್ಲಿ ಜಾಗ ಸಿಗುವ ನಮ್ಮ ಭಾಗದಲ್ಲಿ ಸವಾರಿಗೆಂದೇ ಅರ್ಧ ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಆಸನ ಆಳವಾಗಿದ್ದು ಮೊಣಕಾಲಿನ ಮುಂದೆ ದಪ್ಪ ದಿಂಬು ಇರುವ ಜೀನು ಕೊಂಡರೆ ಸವಾರನ ಕಾಲು ತಾನಾಗಿಯೇ ಸರಿಯಾದ ಜಾಗಕ್ಕೆ ಬರುತ್ತದೆ ಎಂಬ ಸಲಹೆಯೊಂದು ಅದರಲ್ಲಿತ್ತು. ಅದನ್ನು ನಂಬಿ ಯಾರಾದರೂ ದುಡ್ಡು ಸುರಿಯುವ ಮೊದಲು ನಾಲ್ಕು ಮಾತು ಬರೆಯಬೇಕೆನಿಸಿತು.

ನಾನು ಚಿಕ್ಕೋಡಿ ತಾಲ್ಲೂಕಿನ ರೈತ. ತೋಟದಲ್ಲಿ ಎರಡು ಕುದುರೆಗಳಿವೆ. ಅವುಗಳಿಂದ ನಾವು ಮಾಡಿಸುವುದು ಎರಡೇ ಕೆಲಸ. ಬೆಳಿಗ್ಗೆ ಕಣದ ಪಕ್ಕದ ಸಮತಟ್ಟಾದ ಜಾಗದಲ್ಲಿ ಮುಕ್ಕಾಲು ಗಂಟೆ ಸುತ್ತು ಹಾಕಿಸಿ, ನಡಿಗೆಯಿಂದ ಕುಕ್ಕೋಟಕ್ಕೆ, ಕುಕ್ಕೋಟದಿಂದ ನಡಿಗೆಗೆ ಮೆತ್ತಗೆ ಇಳಿಸಿ ಏರಿಸುವುದು ಒಂದು. ಇದನ್ನು ಬಲ್ಲವರು ಫ್ಲಾಟ್‌ವರ್ಕ್ ಎನ್ನುತ್ತಾರೆ. ಸಂಜೆ ಕಬ್ಬಿನ ಗದ್ದೆಗಳ ನಡುವಿನ ಗಾಡಿದಾರಿಯಲ್ಲಿ ಹೊಳೆಯತನಕ ಹೋಗಿ ಬರುವುದು ಇನ್ನೊಂದು. ಅದಕ್ಕೆ ಇಂಗ್ಲಿಷಿನಲ್ಲಿ ಹ್ಯಾಕಿಂಗ್ ಎಂಬ ಹೆಸರಿದೆಯಾದರೂ, ಬ್ಯಾಂಕಿನ ಖಾತೆಗೆ ಕನ್ನ ಹಾಕುವ ಹ್ಯಾಕಿಂಗಿಗೂ ಅದಕ್ಕೂ ಸಂಬಂಧವಿಲ್ಲವೆಂದು ನಮ್ಮ ಊರಿನವರಿಗೆ ತಿಳಿಹೇಳಿ ಸಾಕಾಗಿರುವುದರಿಂದ ನಾನು ತಿರುಗಾಟ ಎಂದೇ ಕರೆಯುತ್ತೇನೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಡ್ರೆಸಾಜ್‌ನಲ್ಲಿ, ಅಂದರೆ ಸವಾರನ ಸೂಚನೆಗೆ ತಕ್ಕಂತೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆಯಲ್ಲಿ, ಚಿನ್ನ ಗೆದ್ದ ಮೇಲೆ ಈ ಮೊದಲನೆಯ ಕೆಲಸದತ್ತ ನಮ್ಮ ಹುಡುಗ ಹುಡುಗಿಯರ ಮನಸ್ಸು ಹರಿದಿದೆ. ಕುದುರೆ ಸವಾರಿಯಲ್ಲಿ ನಮಗೆ ಏಷ್ಯನ್ ಚಿನ್ನ ಬಂದದ್ದು 1982ರ ನಂತರ ಅದೇ ಮೊದಲು.

ನನ್ನ ಅಣ್ಣನ ಮಗಳೂ ಅಂಥವರಲ್ಲಿ ಒಬ್ಬಳು. ನಮ್ಮ ಮಾರವಾಡಿ ತಳಿಯ ಹೆಣ್ಣುಕುದುರೆಯ ಮೇಲೆ ಆಕೆ ಎಂಟು ತಿಂಗಳು ಕಲಿತಳು, ಎಂಟು ತಿಂಗಳೂ ನಾನು ಆಕೆಯನ್ನು ಬೈದೆ. ಸವಾರನ ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರಕ್ಕೆ ಬರಬೇಕು. ಕುದುರೆಯನ್ನು ಮಾಯ ಮಾಡಿದರೆ ಆತ ನೆಲದ ಮೇಲೆ ತನ್ನ ಕಾಲ ಮೇಲೆ ನಿಂತಿರಬೇಕು. ಆಕೆಯದು ಹಾಗಿರಲಿಲ್ಲ. ಕುರ್ಚಿಯ ಮೇಲೆ ಕುಳಿತವರಂತೆ ಸೊಂಟ ಹಿಂದೆ, ಪಾದ ಮುಂದೆ. ಕಾಲು ಹಿಂದಕ್ಕೆ ತಗೋ ಎಂದರೆ ತೆಗೆದುಕೊಳ್ಳುವಳು, ಹತ್ತು ಹೆಜ್ಜೆಯಲ್ಲಿ ಮತ್ತೆ ಅದೇ. ಒಂದು ದಿನ ಇಳಿದು ಅಳುಮುಖ ಮಾಡಿಕೊಂಡು, ‘ಕಾಕಾ, ನಾ ಬೇಕಂತ ಮಾಡವಲ್ಲೆರಿ, ಯಾರೋ ಕಾಲ ಹಿಡದು ಮುಂದಕ ಎಳದಂಗ ಆಗತೈತ್ರಿ’ ಎಂದಳು. ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಎಳೆಯುತ್ತಿದ್ದುದು ಜೀನು.

ಅದು ಕಂಡುಬಂದ ಬಗೆಯನ್ನು ಹೇಳುತ್ತೇನೆ. ಸೈನ್ಯದಲ್ಲಿ ಕುದುರೆಗಳೊಂದಿಗೆ ಸೇವೆ ಮುಗಿಸಿ ಬಂದ ಹಿರಿಯರೊಬ್ಬರು ಒಮ್ಮೆ ತೋಟಕ್ಕೆ ಬಂದಿದ್ದರು. ಹುಡುಗಿಯನ್ನು ಇಳಿಸಿ, ಕುದುರೆಯನ್ನು ಸಮನಾದ ನೆಲದ ಮೇಲೆ ನಾಲ್ಕೂ ಕಾಲು ಚೌಕವಾಗಿ ನಿಲ್ಲಿಸಿ, ಕೆಳಗಿನ ಬಟ್ಟೆಯಿಲ್ಲದೆ ಜೀನನ್ನಷ್ಟೇ ಇಡಿಸಿದರು. ಆಮೇಲೆ ಅಡುಗೆಮನೆಯಿಂದ ಒಂದು ದುಂಡನೆಯ ನಿಂಬೆಹಣ್ಣು ತರಿಸಿ ಆಸನದ ನಡುವೆ ಬಿಟ್ಟರು. ಆಸನದ ತೀರ ಆಳವಾದ ಜಾಗ ನಡುವಿನಲ್ಲಿದ್ದರೆ ಹಣ್ಣು ಅಲ್ಲೇ ನಿಲ್ಲಬೇಕು. ನಮ್ಮದು ಉರುಳಿ ಹಿಂದಿನ ಉಬ್ಬಿಗೆ ತಾಗಿ ನಿಂತಿತು. ನಿಂಬೆಹಣ್ಣೇ ನಿಲ್ಲದ ಕಡೆ ಹುಡುಗಿಯನ್ನು ನಿಲ್ಲು ಎಂದು ಎಂಟು ತಿಂಗಳು ಒದರಿದ್ದಕ್ಕೆ ನನಗೆ ನಾಚಿಕೆಯಾಯಿತು. ನಾನಾದರೂ ಜೀನು ನೋಡುವುದನ್ನು ಖಾಲಿ ಜೀನಿನಿಂದಲೇ ಕಲಿಯಬಹುದಿತ್ತು: ಸಂತ ಜ್ಞಾನೇಶ್ವರರ ಪಾಲಖಿಯ ಸಮಯಕ್ಕೆ ನಮ್ಮ ತಾಲ್ಲೂಕಿನ ಅಂಕಲಿಯ ವಾಡೆಯಿಂದ ಹೀರಾ, ಮೋತಿ ಎಂಬ ಕುದುರೆಗಳು ಪ್ರತಿವರ್ಷ ಮಹಾರಾಷ್ಟ್ರದ ಆಳಂದಿಗೆ ನಡೆದು ಹೊರಡುತ್ತವೆ, ಪಂಢರಪುರಕ್ಕೆ ಸಾಗುವ ಆ ವಾರಿಯಲ್ಲಿ ಒಂದರ ಮೇಲೆ ಪತಾಕೆ ಹಿಡಿದ ಸವಾರನಿದ್ದರೆ, ಇನ್ನೊಂದು ಮಾವುಲಿಗೆ, ಅಂದರೆ ಜ್ಞಾನೇಶ್ವರರಿಗೆ, ಮೀಸಲೆಂದು ಅದರ ಮೇಲೆ ಸವಾರನಿರುವುದಿಲ್ಲ. ಸವಾರನಿಲ್ಲದಾಗ ಜೀನು ಹೇಗೆ ಕೂರುತ್ತದೆ ಎನ್ನುವುದೇ ಅದರ ಮೊದಲ ಪರೀಕ್ಷೆ.

ಜೀನು ಹಿಂದಕ್ಕೆ ವಾಲಿದ್ದಕ್ಕೆ ಕಾರಣ ಸರಳವಾಗಿತ್ತು. ಜೀನಿನ ಒಳಗೆ ಟ್ರೀ ಎಂಬ ಚೌಕಟ್ಟು ಇರುತ್ತದೆ. ಅದರ ಮುಂಭಾಗ ಕುದುರೆಯ ಹೆಗಲ ದಿಬ್ಬದ ಮೇಲೆ ಕಮಾನಿನಂತೆ ನಿಲ್ಲುತ್ತದೆ. ಕಮಾನು ಇಕ್ಕಟ್ಟಾದರೆ ಕೆಳಗಿಳಿಯದೆ ಮೇಲೆಯೇ ಸಿಕ್ಕಿಕೊಂಡು, ಜೀನಿನ ಮೂತಿ ಎದ್ದು ಸವಾರ ಹಿಂದಕ್ಕೆ ಜಾರುತ್ತಾನೆ. ತೀರ ಅಗಲವಾದರೆ ಮುಂಭಾಗ ಕುಸಿದು ಸವಾರ ಮುಗ್ಗರಿಸಿದಂತೆ ಕೂರುತ್ತಾನೆ, ದಿಬ್ಬದ ಮೇಲೆ ಹುಣ್ಣೂ ಆಗುತ್ತದೆ. ಕುದುರೆಯನ್ನು ತಂದಾಗ ಅದು ಬಡಕಲಾಗಿತ್ತು, ಜೀನು ಸರಿಹೊಂದುತ್ತಿತ್ತು. ಕಣಿಕೆ, ಹುರುಳಿ ತಿಂದು, ದಿನವೂ ಕೆಲಸ ಮಾಡಿ ಬೆನ್ನಿನ ಮಾಂಸ ತುಂಬಿದ ಮೇಲೆ ಅದೇ ಜೀನು ಇಕ್ಕಟ್ಟಾಯಿತು. ನಾನು ಗಮನಿಸಲಿಲ್ಲ. ಗಮನಿಸಿದ್ದು, ದಿಬ್ಬದ ಎರಡೂ ಬದಿಗೆ ಕಂದು ಕೂದಲಿನ ನಡುವೆ ರೂಪಾಯಿ ಅಗಲದ ಬಿಳಿ ಕೂದಲು ಹುಟ್ಟಿದ ಮೇಲೆ. ಎತ್ತಿನ ಹೆಗಲು ನೋಡದೆ ನೊಗ ಕಟ್ಟುವ ರೈತ ನಮ್ಮಲ್ಲಿ ಒಬ್ಬನೂ ಇಲ್ಲ, ಕುದುರೆಯ ವಿಷಯಕ್ಕೆ ಬಂದರೆ ಮಾತ್ರ ನಮಗೆ ಮೊಬೈಲಿನಲ್ಲಿ ಕಂಡ ಚಿತ್ರವೇ ಸಾಕಾಗುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಇಕ್ಕಟ್ಟಾದ ಜೀನಿನ ಕೆಳಗೆ ದಪ್ಪ ಗಾದಿ ಹಾಕಿದರೆ ಸರಿಹೋಗುತ್ತದೆಂದು ಮಾರುವವರು ಹೇಳುತ್ತಾರೆ, ನನಗೂ ಒಬ್ಬರು ಹೇಳಿದ್ದರು. ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡಂತೆ ಅದು. ಗಾದಿ ಹಾಕಿ ಮೂರು ವಾರ ನಡೆಸಿದ್ದರಿಂದಲೇ ಆ ಬಿಳಿ ಕೂದಲು ಹೆಚ್ಚಾದದ್ದೆಂದು ಈಗ ಅನಿಸುತ್ತದೆ.

ಕೊಳ್ಳುವ ಮೊದಲು ಮಾಡಬೇಕಾದದ್ದು ಕುದುರೆಯ ಬೆನ್ನಿನ ಅಚ್ಚು ತೆಗೆಯುವುದು. ಇದಕ್ಕೆ ಯಾವ ಪರಿಣತರೂ ಬೇಕಿಲ್ಲ. ಮನೆಯ ವೈರಿಂಗಿಗೆ ಬಳಸುವ ದಪ್ಪ ತಂತಿ ಮೊಳದುದ್ದ ತೆಗೆದುಕೊಂಡು, ಹೆಗಲೆಲುಬಿನ ಹಿಂದಿನ ಅಂಚಿನಿಂದ ಎರಡು ಬೆರಳು ಹಿಂದೆ, ದಿಬ್ಬದ ಮೇಲೆ ಅಡ್ಡವಾಗಿ ಒತ್ತಿ ಬಾಗಿಸಬೇಕು. ಹಾಗೆಯೇ ಎತ್ತಿ ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರೆ, ಜೀನಿನ ಕಮಾನಿಗೆ ಹಿಡಿದು ನೋಡಲು ಆ ರಟ್ಟು ಸಾಕು. ಜೀನನ್ನು ಇಡುವಾಗ ಸ್ವಲ್ಪ ಮುಂದಿಟ್ಟು ಕೂದಲಿನ ಓಟಕ್ಕೆ ಸರಿಯಾಗಿ ಹಿಂದಕ್ಕೆ ಸರಿಸಿದರೆ ಅದು ತನ್ನ ಜಾಗದಲ್ಲಿ ತಾನೇ ನಿಲ್ಲುತ್ತದೆ. ಅಲ್ಲಿ ದಿಬ್ಬಕ್ಕೂ ಜೀನಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು, ಹಿಂದೆ ಕೊನೆಯ ಪಕ್ಕೆಲುಬನ್ನು ದಾಟಿ ಹೋಗಬಾರದು, ಬೆನ್ನುಮೂಳೆಯ ಉದ್ದಕ್ಕೂ ಗಾಳಿಯಾಡುವ ಸಂದಿ ಇರಬೇಕು. ಅರ್ಧ ಗಂಟೆ ಸವಾರಿಯ ನಂತರ ಬಿಚ್ಚಿ ನೋಡಿದಾಗ ಎಲ್ಲೆಡೆ ಬೆವರಿದ್ದು ಒಂದೆರಡು ಕಡೆ ಮಾತ್ರ ಒಣಗಿ ಉಳಿದಿದ್ದರೆ, ಆ ಒಣ ಜಾಗ ಅತಿ ಒತ್ತಡದ ಗುರುತಾಗಿರುವ ಸಂಭವ ಹೆಚ್ಚು.

ಕುದುರೆಯದಾಯಿತು, ಇನ್ನು ಕಾಲಿನ ವಿಷಯ. ಲೇಖನ ಎಡವಿದ್ದೂ ಇಲ್ಲಿಯೇ. ಸವಾರನ ಕಾಲು ಎಲ್ಲಿ ತೂಗುತ್ತದೆ ಎನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ರಿಕಾಪಿನ (ಸವಾರ ಪಾದ ಇಡುವ ಬಳೆಯ) ಪಟ್ಟಿ ಸಿಕ್ಕಿಸುವ ಕಬ್ಬಿಣದ ಕೊಂಡಿ, ಮೊಣಕಾಲಿನ ದಿಂಬಲ್ಲ. ಪಟ್ಟಿ ಯಾವಾಗಲೂ ಕೊಂಡಿಯಿಂದ ನೇರ ಕೆಳಕ್ಕೆ ಬೀಳಲು ನೋಡುತ್ತದೆ. ಕೊಂಡಿ ಆಸನದ ಆಳವಾದ ಜಾಗಕ್ಕಿಂತ ಬಹಳ ಮುಂದಿದ್ದರೆ ರಿಕಾಪು ಮುಂದೆಯೇ ತೂಗುತ್ತದೆ, ಪಾದ ಅದರ ಜೊತೆ ಹೋಗುತ್ತದೆ, ಸವಾರ ಎಷ್ಟು ಸಾರಿ ಹಿಂದಕ್ಕೆ ಎಳೆದುಕೊಂಡರೂ ಅಷ್ಟೇ. ಜಿಗಿತದ ಜೀನಿನಲ್ಲಿ ಪಕ್ಕದ ಚರ್ಮದ ಹಾಳೆಯನ್ನು ಮುಂದಕ್ಕೆ ಚಾಚಿ ಕತ್ತರಿಸಿರುವುದಕ್ಕೂ ಕಾರಣವಿದೆ. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ (1868–1907) ತಡೆ ದಾಟುವಾಗ ರಿಕಾಪನ್ನು ಗಿಡ್ಡ ಮಾಡಿ ಮುಂದಕ್ಕೆ ಬಾಗುವ ಕ್ರಮವನ್ನು ರೂಢಿಗೆ ತಂದ. ರಿಕಾಪು ಗಿಡ್ಡವಾದರೆ ಮೊಣಕಾಲು ಮುಂದೆ ಬರುತ್ತದೆ, ಅದಕ್ಕೆ ಜಾಗ ಬೇಕಾಯಿತು. ಬೇಲಿ ಹಾರಿಸದ ನಮಗೆ ಆ ಜಾಗದ ಅಗತ್ಯವೇ ಇಲ್ಲ. ಡ್ರೆಸಾಜ್ ಜೀನಿನ ಹಾಳೆ ನೆಟ್ಟಗೆ ಕೆಳಗಿಳಿಯುತ್ತದೆ, ಕಾಲು ಉದ್ದಕ್ಕೆ ಇಳಿಬೀಳುತ್ತದೆ. ಆದರೆ ಅದರಲ್ಲಿ ಕುಳಿತು ತಿರುಗಾಟಕ್ಕೆ ಹೋದಾಗ ಕಾಲುವೆಯ ಏರಿ ಹತ್ತುವ ಮುನ್ನ ರಿಕಾಪನ್ನು ಎರಡು ತೂತು ಮೇಲಕ್ಕೆತ್ತಿದರೆ ಮೊಣಕಾಲು ದಿಂಬಿಗೆ ಗುದ್ದಿಕೊಳ್ಳುತ್ತದೆ. ನಮ್ಮಂತೆ ಎರಡೂ ಕೆಲಸ ಮಾಡುವವರಿಗೆ ಇವೆರಡರ ನಡುವಿನದು, ಅಂದರೆ ಹಾಳೆ ಸ್ವಲ್ಪವೇ ಮುಂದಿದ್ದು ಬಹುಪಾಲು ನೆಟ್ಟಗಿರುವ, ಆಸನ ಸಾಧಾರಣ ಆಳದ, ದಿಂಬು ಚಿಕ್ಕದಾದ ಸರ್ವೋಪಯೋಗಿ ಜೀನೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ದಿಂಬು ಕಾಲನ್ನು ಒಂದೆಡೆ ಕಟ್ಟಿಹಾಕುತ್ತದೆ. ಸರಿಯಾಗಿ ಕೂರುವವರಿಗೆ ಅದು ಬೇಡ, ಸರಿಯಾಗಿ ಕೂರದವರಿಗೆ ತಪ್ಪನ್ನು ಮುಚ್ಚಿಡುತ್ತದೆ.

ಅಳತೆಯಲ್ಲೂ ಒಂದು ಗೊಂದಲವಿದೆ. ಹದಿನೇಳು ಇಂಚು, ಹದಿನೇಳೂವರೆ ಎಂದು ಹೇಳುವುದು ಮುಂದಿನ ಉಬ್ಬಿನ ಬದಿಯ ಗುಂಡಿಯಿಂದ ಹಿಂದಿನ ಉಬ್ಬಿನ ನಡುವಿನವರೆಗಿನ ಓರೆ ಅಳತೆ. ಜನ ಅದನ್ನು ಸವಾರನ ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ತೂಕಕ್ಕಿಂತ ತೊಡೆಯ ಉದ್ದ ಮುಖ್ಯ. ನಮ್ಮ ಹುಡುಗಿ ಸಣಕಲಾದರೂ ಮನೆತನದ ಉದ್ದ ಕಾಲು ಆಕೆಗೆ ಬಂದಿದೆ. ಹದಿನಾರೂವರೆಯ ಜೀನಿನಲ್ಲಿ ಆಕೆಯ ಮೊಣಕಾಲು ಹಾಳೆಯ ಅಂಚಿನಿಂದ ಹೊರಗಿರುತ್ತಿತ್ತು, ಅದನ್ನು ಒಳಗೆ ತರಲು ಸೊಂಟ ಹಿಂದೆ ಸರಿಯುತ್ತಿತ್ತು. ರಿಕಾಪಿನ ಉದ್ದಕ್ಕೆ, ಫ್ಲಾಟ್‌ವರ್ಕ್ ಮಾಡುವಾಗ ಕಾಲು ಬಿಟ್ಟು ತೂಗಿಸಿದರೆ ರಿಕಾಪಿನ ತಳ ಪಾದದ ಹರಡುಗಂಟಿಗೆ ತಾಗಬೇಕು. ತಿರುಗಾಟಕ್ಕೆ ಅದಕ್ಕಿಂತ ಒಂದೆರಡು ತೂತು ಮೇಲೆ. ಎಡಗಡೆಯಿಂದಲೇ ಹತ್ತುವುದರಿಂದ ಎಡಪಟ್ಟಿ ಹಿಗ್ಗುತ್ತದೆ, ಆಗಾಗ ಎಡಬಲ ಅದಲು ಬದಲು ಮಾಡಿ.

ಎಲ್ಲಿ ಕೊಳ್ಳಬೇಕು ಎಂದು ಹಲವರು ಕೇಳುತ್ತಾರೆ. ದೇಶದ ಜೀನು ತಯಾರಿಕೆಯ ದೊಡ್ಡ ಕೇಂದ್ರ ಕಾನ್ಪುರ, ನಮ್ಮ ಖಾನಾಪುರವಲ್ಲ. ಅಲ್ಲಿಂದ ಬರುವುದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಚೌಕಟ್ಟು ಮುರಿದಿದೆಯೇ ಎಂದು ನೋಡಲು ಹಿಂದಿನ ಉಬ್ಬನ್ನು ಹೊಟ್ಟೆಗೆ ಆನಿಸಿ ಮುಂದಿನದನ್ನು ಎಳೆಯಿರಿ. ಆಸನದ ನಡುವೆ ಚರ್ಮ ಸುಕ್ಕುಗಟ್ಟಿದರೆ, ಕಿರ್ ಎಂದು ಸದ್ದಾದರೆ ಬಿಟ್ಟುಬಿಡಿ. ಕಮಾನಿನ ಲೋಹದ ಪಟ್ಟಿಯನ್ನು ಬದಲಾಯಿಸಬಹುದಾದ ವಿಂಟೆಕ್‌ನಂತಹ ಕೃತಕ ವಸ್ತುವಿನ ಜೀನು, ನಮ್ಮ ಕುದುರೆಯಂತೆ ಬೆನ್ನು ಬದಲಾಗುತ್ತಿರುವವಕ್ಕೆ ಅನುಕೂಲ, ಬೆಳಗಾವಿಯ ಮಳೆಗೆ ಬೂಷ್ಟು ಹಿಡಿಯುವ ಚಿಂತೆಯೂ ಕಡಿಮೆ. ನಾವು ಕೊನೆಗೆ ಹಿಡಿದದ್ದು ಬಳಸಿದ ಹದಿನೇಳೂವರೆ ಇಂಚಿನ ಚರ್ಮದ ಜೀನು. ಒಂದು ವಾರ ನಮ್ಮ ಕುದುರೆಯ ಮೇಲೆ ಹಾಕಿ ನೋಡಿ, ಒಗ್ಗದಿದ್ದರೆ ಮರಳಿಸುತ್ತೇನೆಂಬ ಮಾತಿನ ಮೇಲೆ ತಂದದ್ದು. ಈ ಮಾತಿಗೆ ಒಪ್ಪದ ಮಾರಾಟಗಾರನ ಬಳಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ನಾವು ತಂದ ಜೀನಿನಲ್ಲಿ ತಂಗು, ಅಂದರೆ ಕುದುರೆಯ ಹೊಟ್ಟೆಯ ಕೆಳಗೆ ಹಾಯುವ ಪಟ್ಟಿ, ಬಿಗಿಯುವ ಚರ್ಮದ ಪಟ್ಟಿಗಳು ಒಣಗಿ ಸೀಳಿದ್ದವು; ಅಥಣಿಯ ಚಪ್ಪಲಿ ಕಸಬುದಾರರೊಬ್ಬರು ಹೊಸ ಚರ್ಮ ಕೊಯ್ದು, ಮೇಣ ಸವರಿದ ದಾರವನ್ನು ಎರಡು ಸೂಜಿಗೆ ಪೋಣಿಸಿ ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹೊಲಿದುಕೊಟ್ಟರು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಚರ್ಮದ ಕೈಗೆಲಸ ಇಷ್ಟು ಸಮೀಪದಲ್ಲಿರುವಾಗ ಒಂದು ಪಟ್ಟಿಗಾಗಿ ತಿಂಗಳುಗಟ್ಟಲೆ ಪಾರ್ಸೆಲ್ ಕಾಯುವ ಅವಸ್ಥೆ ನಮ್ಮ ಸವಾರರಿಗೆ ಏಕೆ ಎಂಬುದು ತಮ್ಮ ವರದಿಗಾರರು ಬೇರೆಯಾಗಿ ಬರೆಯಬಹುದಾದ ವಿಷಯ.

ಜೀನು ಬದಲಾದ ಮೊದಲ ದಿನವೇ ಹುಡುಗಿಯ ಕಾಲು ಪೂರ್ತಿ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಎಂಟು ತಿಂಗಳ ರೂಢಿ ಬಿಡಲು ಮತ್ತೆ ಮೂರು ತಿಂಗಳು ಹಿಡಿಯಿತು, ರಿಕಾಪಿಲ್ಲದೆ ಸುತ್ತು ಹಾಕಿಸಿದ್ದೂ ಉಂಟು. ಆದರೆ ಬೈಯುವುದು ನಿಂತಿತು.

ಕೊನೆಯದಾಗಿ ಒಂದು ವಿನಂತಿ. ಲೇಖನದ ಜೊತೆ ಅಚ್ಚಾದ ಬೂದು ಕುದುರೆಯ ಚಿತ್ರದಲ್ಲಿ ಜೀನು ನೇರವಾಗಿ ಹೆಗಲೆಲುಬಿನ ಮೇಲೆ ಕೂತಿದೆ, ಸವಾರನ ಪಾದ ಕುದುರೆಯ ಮೊಣಕೈಗಿಂತ ಮುಂದಿದೆ. ಅದರ ಮಾಲೀಕರು ತಮಗೆ ಪರಿಚಿತರಾಗಿದ್ದರೆ, ಜೀನನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಅದೇ ಕೋನದಿಂದ ಇನ್ನೊಂದು ಚಿತ್ರ ತೆಗೆಯಿಸಿ, ಎರಡನ್ನೂ ಅಕ್ಕಪಕ್ಕದಲ್ಲಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಚಿಕ್ಕೋಡಿ ತಾಲ್ಲೂಕು, ಬೆಳಗಾವಿ ಜಿಲ್ಲೆ