ಹುಡುಗನ ಕೊರತೆಯನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನದ ಕಡೆಯವನು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ನಿಮ್ಮ ಪತ್ರಿಕೆಯನ್ನು ದಿನಾ ಮೊಬೈಲ್‌ನಲ್ಲಿ ಓದುತ್ತೇನೆ. ಕೆಲಸ ಮುಗಿದ ಮೇಲೆ ಇಲ್ಲಿನ ಒಂದು ಜೂನಿಯರ್ ಐಸ್ ಹಾಕಿ ತಂಡಕ್ಕೆ ಎಳೆಯ ಹುಡುಗರ ಆಟ ನೋಡಿ ವರದಿ ಬರೆದುಕೊಡುತ್ತೇನೆ. ಸಂಬಳವಿಲ್ಲ, ಆಟದ ಮೇಲಿನ ಪ್ರೀತಿಯಿಂದ ಮಾಡುವ ಕೆಲಸ.

ಎಳೆಯ ಆಟಗಾರರ ಬಗ್ಗೆ ನಮ್ಮ ಪತ್ರಿಕೆಗಳು ಬರೆಯುವ ರೀತಿ ಬದಲಾಗಬೇಕು ಅನ್ನುವುದು ನನ್ನ ಕೋರಿಕೆ. ಆಟ ಯಾವುದೇ ಇರಲಿ, ಹದಿನೈದರ ಹುಡುಗನ ಸುದ್ದಿ ಅಂದರೆ ಎಷ್ಟು ರನ್, ಎಷ್ಟು ಗೋಲು, ಕೊನೆಗೆ ‘ನಾಳಿನ ತಾರೆ’. ಅವನಿಗೆ ಏನು ಬರುವುದಿಲ್ಲ, ಅದನ್ನು ತಿದ್ದಬಹುದಾ ಅನ್ನುವುದು ಒಂದು ಸಾಲೂ ಇರುವುದಿಲ್ಲ. ಇಲ್ಲಿ ಮಕ್ಕಳನ್ನು ಹಾಕಿಗೆ ಸೇರಿಸಿದ ಕನ್ನಡದ ಅಪ್ಪ ಅಮ್ಮಂದಿರೂ ಹಾಗೇ ಅಳೆಯುತ್ತಾರೆ. ಆಟದ ಐಸ್ ಅಂಗಳದಲ್ಲಿ (ರಿಂಕ್) ಸಿಕ್ಕಿದಾಗ ಮೊದಲ ಪ್ರಶ್ನೆಯೇ, ‘ಸರ್, ನಮ್ಮವನು ಈ ವರ್ಷ ಇಷ್ಟು ಗೋಲು ಹೊಡೆದಿದ್ದಾನೆ, ಸಾಕಾ?’

ಕಳೆದ ಚಳಿಗಾಲದಲ್ಲಿ ನಾನು ನೋಡಿದ ಒಬ್ಬ ವಿಂಗರ್ (ಅಂಚಿನ ಕಡೆಯಿಂದ ದಾಳಿ ಮಾಡುವ ಆಟಗಾರ) ಹುಡುಗನ ವಿಷಯ ಹೇಳುತ್ತೇನೆ. ಆವತ್ತು ಅವನು ಒಂದೂ ಗೋಲು ಹೊಡೆಯಲಿಲ್ಲ. ಆದರೆ ಮೂಲೆಯಲ್ಲಿ ಬೋರ್ಡಿನ (ರಿಂಕ್ ಸುತ್ತಲಿನ ತಡೆಗೋಡೆ) ಪಕ್ಕ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತನ್ನ ಹತ್ತಿರ ಬರುವ ಮುಂಚೆ, ಪ್ರತಿ ಸಲ ಭುಜದ ಮೇಲಿಂದ ತಿರುಗಿ ನೋಡುತ್ತಿದ್ದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಎದುರಾಳಿ ಯಾವ ಕಡೆಯಿಂದ ನುಗ್ಗುತ್ತಾನೆ, ತನ್ನ ಸೆಂಟರ್, ಅಂದರೆ ನಡುವೆ ಆಡುವ ಜೊತೆಗಾರ, ಎಲ್ಲಿದ್ದಾನೆ ಅನ್ನುವುದು ಪಕ್ ಸ್ಟಿಕ್ಕಿಗೆ ತಾಗುವ ಮೊದಲೇ ಅವನಿಗೆ ಗೊತ್ತಿರುತ್ತಿತ್ತು. ಹಾಗಾಗಿ ಪಕ್ ಹಿಡಿದುಕೊಂಡು ಒದ್ದಾಡಲೇ ಇಲ್ಲ. ತಾಗಿದ ಕೂಡಲೇ ಗೋಲಿನ ಮುಂದಕ್ಕೆ ಪಾಸ್. ಪಕ್ ಕಳೆದುಕೊಂಡಾಗ ರೆಫರಿ ಮುಖ ನೋಡುತ್ತಾ ನಿಲ್ಲಲಿಲ್ಲ. ಶಿಫ್ಟ್, ಅಂದರೆ ಬದಲಿ ಆಟಗಾರ ಬರುವವರೆಗಿನ ಸರದಿ, ಮುಗಿಯುವ ಹೊತ್ತಿಗೆ ಉಸಿರು ಕಟ್ಟುತ್ತಿದ್ದರೂ ತನ್ನ ಗೋಲಿನವರೆಗೆ ಬೆನ್ನಟ್ಟಿ ಬಂದ.

ಕೊರತೆಯೂ ಕಣ್ಣಿಗೆ ಹೊಡೆಯುವಂತಿತ್ತು. ನಿಂತಲ್ಲಿಂದ ಹೊರಡುವ ಮೊದಲ ಮೂರು ಹೆಜ್ಜೆ ತುಂಬಾ ನಿಧಾನ. ಮೊಣಕಾಲು ಬಗ್ಗುತ್ತಿರಲಿಲ್ಲ, ಮೈ ನೆಟ್ಟಗೆ ನಿಂತೇ ಇರುತ್ತಿತ್ತು, ಹಾಗಾಗಿ ಐಸ್ ಮೇಲೆ ಒತ್ತು ಬೀಳುತ್ತಿರಲಿಲ್ಲ. ಪಕ್ ಹಿಂದೆ ಇಬ್ಬರು ಓಡಿದರೆ ಇವನೇ ಎರಡನೆಯವನು. ಎಡಕ್ಕೆ ತಿರುಗುವಾಗ ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸದೆ ಸುಮ್ನೆ ಜಾರಿಕೊಂಡು ಹೋಗುತ್ತಿದ್ದ.

ನನ್ನ ಪಕ್ಕ ಕೂತಿದ್ದವರೊಬ್ಬರು ‘ಸ್ಲೋ’ ಅಂತ ಬರೆದು ಪುಟ ತಿರುಗಿಸಿದರು. ನನಗೆ ಬಹಳ ಬೇಸರವಾಯಿತು. ಕಾಲನ್ನು ತಿದ್ದಬಹುದು. ಆ ವಯಸ್ಸಿಗೆ ಆಟವನ್ನು ಮುಂಚಿತವಾಗಿ ಕಾಣುವ ಕಣ್ಣು ಬಂದಿರದಿದ್ದರೆ ಅದನ್ನು ಕಲಿಸುವುದು ಬಲು ಕಷ್ಟ.

ಬ್ರೇಡನ್ ಪಾಯಿಂಟ್ ಅನ್ನುವ ಆಟಗಾರ ಇದಕ್ಕೆ ಒಳ್ಳೆಯ ಉದಾಹರಣೆ. ಎನ್‌ಎಚ್‌ಎಲ್ ಅಂದರೆ ಇಲ್ಲಿನ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್. ತಂಡಗಳು ಸರದಿಯಂತೆ ಎಳೆಯರನ್ನು ಆರಿಸಿಕೊಳ್ಳುವ ಅದರ 2014ರ ಡ್ರಾಫ್ಟ್‌ನಲ್ಲಿ ಟ್ಯಾಂಪಾ ಬೇ ತಂಡ ಅವನನ್ನು ಆರಿಸಿದ್ದು 79ನೆಯವನಾಗಿ. ಆಳು ಚಿಕ್ಕ, ಸ್ಕೇಟಿಂಗ್ ಸಾಧಾರಣ ಅನ್ನುವುದು ಆಗಿನ ಮಾತು. ಟ್ಯಾಂಪಾದ ಸ್ಕೇಟಿಂಗ್ ಕೋಚ್ ಬಾರ್ಬ್ ಅಂಡರ್‌ಹಿಲ್ ಅವನ ಹೆಜ್ಜೆಯನ್ನು ತಿದ್ದಿದರು. ಅವರು 1984ರಲ್ಲಿ ಫಿಗರ್ ಸ್ಕೇಟಿಂಗ್ ಜೋಡಿ ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದವರು. ಅದೇ ಪಾಯಿಂಟ್ 2020 ಮತ್ತು 2021ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಎತ್ತಿದ. ಎರಡೂ ವರ್ಷ ಪ್ಲೇಆಫ್‌ನಲ್ಲಿ ತಲಾ 14 ಗೋಲು. 2022–23ರ ಸೀಸನ್‌ನಲ್ಲಿ 51 ಗೋಲು. ಈಗ ಅವನ ವೇಗವನ್ನೇ ಎಲ್ಲರೂ ಹೊಗಳುತ್ತಾರೆ! ರಷ್ಯಾದ ಪಾವೆಲ್ ದಾತ್ಸ್ಯುಕ್‌ನನ್ನು 1998ರಲ್ಲಿ ಡೆಟ್ರಾಯಿಟ್ ತಂಡ ತೆಗೆದುಕೊಂಡದ್ದು 171ನೆಯವನಾಗಿ. ರಕ್ಷಣೆಯಲ್ಲೂ ಮಿಂಚುವ ಫಾರ್ವರ್ಡ್‌ಗೆ ಕೊಡುವ ಸೆಲ್ಕೆ ಪ್ರಶಸ್ತಿಯನ್ನು ಅವನು 2008ರಿಂದ ಸತತ ಮೂರು ವರ್ಷ ಗೆದ್ದ.

ಹುಡುಗನ ಬಲ ಅಂತ ನಾವು ಬರೆಯುವುದರಲ್ಲೂ ಮೋಸ ಹೋಗುವ ಜಾಗ ಒಂದಿದೆ. ಇಲ್ಲಿ ಮಕ್ಕಳ ಹಾಕಿಯ ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹೆಚ್ಚುಕಮ್ಮಿ ಒಂದು ವರ್ಷದ ಅಂತರ. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಎತ್ತರ, ತೂಕ, ಮೀಸೆ ಎಲ್ಲಾ ಬೇರೆ, ಅಲ್ವಾ? ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು 1985ರಲ್ಲೇ ಇದನ್ನು ತೋರಿಸಿಕೊಟ್ಟರು. ಮೇಲಿನ ಹಂತದ ತಂಡಗಳ ತುಂಬ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ದರು. ಡ್ರಾಫ್ಟ್‌ನಲ್ಲಿ ವರ್ಷದ ಕೊನೆಗೆ ಹುಟ್ಟಿದವರನ್ನು ಅವರ ಯೋಗ್ಯತೆಗಿಂತ ಕೆಳಗೆ ಆರಿಸುತ್ತಾರೆ ಅಂತ 2013ರಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳಿತು. ಎದುರಾಳಿಯನ್ನು ಬೋರ್ಡಿಗೆ ತಳ್ಳಿ ಪಕ್ ಕಸಿಯುವ ದೊಡ್ಡ ಆಳಿನ ಹುಡುಗನನ್ನು ನೋಡಿದಾಗ ನಾನು ಮೊದಲು ಅವನ ಹುಟ್ಟಿದ ತಿಂಗಳು ನೋಡುತ್ತೇನೆ. ಉಳಿದವರೂ ಬೆಳೆದ ಮೇಲೆ ಅವನ ಹತ್ತಿರ ಏನು ಉಳಿಯುತ್ತದೆ? ನಾನು ಮೇಲೆ ಹೇಳಿದ ವಿಂಗರ್ ನವೆಂಬರ್‌ನಲ್ಲಿ ಹುಟ್ಟಿದವನು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ದುಡ್ಡು ಸುರಿದು ಗೋಲುಗಳ ವಿಡಿಯೊ ಮಾಡಿಸಿ ಕಳಿಸಬೇಡಿ. ಒಂದು ಪಂದ್ಯದಲ್ಲಿ ದೊಡ್ಡ ದೊಡ್ಡ ಆಟಗಾರರ ಸ್ಟಿಕ್ಕಿನಲ್ಲೂ ಪಕ್ ಇರುವುದು ಒಂದೆರಡು ನಿಮಿಷ ಅಷ್ಟೇ. ಮಿಕ್ಕ ಹೊತ್ತು ಅವನು ಏನು ಮಾಡುತ್ತಾನೆ ಅನ್ನುವುದನ್ನು ನೋಡಲೆಂದೇ ನಾವು ಆ ಚಳಿಯಲ್ಲಿ ಕೂರುವುದು. ಕಳಿಸಲೇಬೇಕಾದರೆ ಒಂದು ಇಡೀ ಪಂದ್ಯ ಕಳಿಸಿ. ಸೋತದ್ದಾದರೂ ಪರವಾಗಿಲ್ಲ.

ನಿಮ್ಮ ವರದಿಗಾರರು ನಮ್ಮ ರಾಜ್ಯದ ಹದಿನಾರರೊಳಗಿನ ಹುಡುಗ ಹುಡುಗಿಯರ ಪಂದ್ಯಗಳಿಗೆ ಹೋಗುತ್ತಾರೆ. ಅದು ಕ್ರಿಕೆಟ್ಟಾಗಲಿ, ಹಾಕಿಯಾಗಲಿ, ಸ್ಕೋರ್ ಬರೆದುಕೊಂಡ ಮೇಲೆ ಕೋಚ್ ಹತ್ತಿರ ಎರಡೇ ಪ್ರಶ್ನೆ ಕೇಳಲಿ. ಇವನಿಗೆ ಇನ್ನೂ ಏನು ಬರುವುದಿಲ್ಲ? ಅದಕ್ಕೆ ಏನು ಮಾಡುತ್ತಿದ್ದೀರಿ? ಆ ಉತ್ತರವನ್ನೂ, ಹುಡುಗನ ಹುಟ್ಟಿದ ತಿಂಗಳನ್ನೂ ಸುದ್ದಿಯಲ್ಲಿ ಹಾಕಿ. ‘ನಾಳಿನ ತಾರೆ’ ಅನ್ನುವ ಶೀರ್ಷಿಕೆಯನ್ನು ಕೆಲವು ವರ್ಷ ತಡೆದು ಇಟ್ಟುಕೊಳ್ಳಿ.

ಇತಿ,
ಹಾಸನ ಮೂಲದ ಓದುಗ
ಕಿಚನರ್, ಒಂಟಾರಿಯೊ, ಕೆನಡಾ