ಖಣಿಯ ಮ್ಯಾನೇಜರ್ ಯಾರು? ಮೊದಲು ಅದನ್ನು ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಲ್ಲಿನ ಖಣಿಯಲ್ಲಿ ಯಾರಾದರೂ ಸತ್ತರೆ ಪತ್ರಿಕೆಯಲ್ಲಿ ಬರುವ ಸುದ್ದಿ ಹೆಚ್ಚು ಕಡಿಮೆ ಒಂದೇ ತರಹ ಇರುತ್ತದೆ. ಬಂಡೆ ಉರುಳಿ ಕಾರ್ಮಿಕ ಸಾವು, ಊರು ಇಂಥದ್ದು, ವಯಸ್ಸು ಇಷ್ಟು, ಹಿಟಾಚಿ ಚಾಲಕನ ಮೇಲೆ ಪ್ರಕರಣ ದಾಖಲು, ಪಿಎಸ್‌ಐ ಸ್ಥಳಕ್ಕೆ ಭೇಟಿ. ಮುಗೀತು. ಇದು ನಿಮ್ಮ ಪತ್ರಿಕೆಯೊಂದರ ಮೇಲಿನ ದೂರಲ್ಲ, ಎಲ್ಲರೂ ಹೀಗೇ ಬರೆಯುತ್ತಾರೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಖಣಿಯ ಮ್ಯಾನೇಜರ್ ಯಾರು, ಆ ಹೊತ್ತಿಗೆ ಅವರು ಎಲ್ಲಿದ್ದರು?

ನಾನು ಇಳಕಲ್ ಕಡೆ ಕಂಪ್ರೆಸರ್, ಕಲ್ಲಿಗೆ ತೂತು ಹೊಡೆಯುವ ಜಾಕ್‌ಹ್ಯಾಮರ್ ರಿಪೇರಿ ಮಾಡುವವನು. ಕೆಂಪು ಗ್ರಾನೈಟ್ ತೆಗೆಯುವ ಖಣಿಗಳಿಗೆ ಹೋಗಿ ಬಂದು ಮಾಡುವುದೇ ನನ್ನ ಹೊಟ್ಟೆಪಾಡು. ಆದ್ದರಿಂದ ಖಣಿ ಮುಚ್ಚಿಸಿ ಅಂತ ಬರೆಯುವ ಪತ್ರ ಇದಲ್ಲ. ಖಣಿ ನಡೆಯಬೇಕು. ಕಾನೂನು ಯಾರ ತಲೆಯ ಮೇಲೆ ಜವಾಬ್ದಾರಿ ಇಟ್ಟಿದೆಯೋ ಅವರು ಅಲ್ಲಿ ನಿಂತು ನಡೆಸಬೇಕು, ಅಷ್ಟೇ ನನ್ನ ಮಾತು.

1952ರ ಗಣಿ ಕಾಯ್ದೆ ಇದನ್ನು ಬಹಳ ಸ್ಪಷ್ಟವಾಗಿ ಹೇಳಿತ್ತು. ಪ್ರತಿ ಗಣಿಗೂ ಒಬ್ಬ ಮ್ಯಾನೇಜರ್ ಇರಬೇಕು, ಅವರಿಗೆ ನಿಯಮದಲ್ಲಿ ಹೇಳಿದ ಅರ್ಹತೆ ಇರಬೇಕು, ಗಣಿಯ ನಿರ್ವಹಣೆ, ನಿಯಂತ್ರಣ, ಮೇಲ್ವಿಚಾರಣೆ ಎಲ್ಲ ಅವರದೇ. ಅವರ ಕೈಕೆಳಗೆ ಫೋರ್‌ಮನ್, ಕೆಲಸಗಾರರ ತಂಡ ನೋಡಿಕೊಳ್ಳುವ ಮೇಟ್, ಮದ್ದು ಸಿಡಿಸುವ ಬ್ಲಾಸ್ಟರ್. ಇವರೂ ಸುಮ್ನೆ ಯಾರೋ ಆಗುವ ಹಾಗಿಲ್ಲ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದವರಾಗಿರಬೇಕು. ಗ್ರಾನೈಟ್, ಸುಣ್ಣದಕಲ್ಲು, ಅದಿರು ಇಂಥ ಗಣಿಗಳಿಗೆ 1961ರ ನಿಯಮಾವಳಿ ಇದೆ. ಮ್ಯಾನೇಜರ್ ದಿನಾ ಖುದ್ದಾಗಿ ನಿಗಾ ಇಡಬೇಕು ಅಂತ ಅದರಲ್ಲಿದೆ. ಒಬ್ಬರೇ ಎರಡು ಮೂರು ಗಣಿ ನೋಡಿಕೊಳ್ಳಬೇಕಾದರೆ ಮೊದಲೇ ಲಿಖಿತ ಅನುಮತಿ ಬೇಕು.

ಈಗ ನಮ್ಮ ಕಡೆ ಬನ್ನಿ. ಡೀಸೆಲ್ ಲೆಕ್ಕ ಬರೆದು, ಲಾರಿಗೆ ಪರ್ಮಿಟ್ ಕೊಟ್ಟು, ಸಂಜೆ ಬಟವಾಡೆ ಮಾಡುವ ಹುಡುಗನನ್ನು ಎಲ್ಲರೂ ಮ್ಯಾನೇಜರ್ ಅಂತ ಕರೆಯುತ್ತಾರೆ. ಅವನಿಗೆ ಸರ್ಟಿಫಿಕೇಟೂ ಇಲ್ಲ, ಕೆಲಸ ನಿಲ್ಲಿಸು ಅನ್ನುವ ಅಧಿಕಾರವೂ ಇಲ್ಲ. ಸರ್ಟಿಫಿಕೇಟ್ ಇರುವವರ ಹೆಸರು ಫೈಲಿನಲ್ಲಿ ಇರುತ್ತದೆ. ಮದುವೆ ಕಾರ್ಡಿನ ಕೆಳಗೆ ಸುಖಾಗಮನ ಬಯಸುವವರು ಅಂತ ದೊಡ್ಡವರ ಹೆಸರು ಹಾಕಿಸುತ್ತಾರಲ್ಲ, ಹಾಗೆ. ನಾನು ಹೋಗುವ ಒಂದು ಖಣಿಯಲ್ಲಿ ಜಾಕ್‌ಹ್ಯಾಮರ್ ಹಿಡಿಯುವವರಿಗೆ ನಿಮ್ಮ ಮ್ಯಾನೇಜರ್ ಯಾರು ಅಂತ ಕೇಳಿದೆ. ಒಬ್ಬ ಮೇಸ್ತ್ರಿ ಕಡೆ ಕೈ ತೋರಿಸಿದ, ಇನ್ನೊಬ್ಬ ಮಾಲಕರ ಅಳಿಯನ ಹೆಸರು ಹೇಳಿದ. ಫೈಲಿನಲ್ಲಿರುವ ಮನುಷ್ಯನನ್ನು ಅವರಿಬ್ಬರೂ ಕಂಡೇ ಇಲ್ಲ.

ಎಲ್ಲ ಕಡೆ ಹೀಗೇ ಅಂತ ಹೇಳುತ್ತಿಲ್ಲ. ಸಿಮೆಂಟ್ ಕಾರ್ಖಾನೆಗೆ ಸುಣ್ಣದಕಲ್ಲು ಕೊಡುವ ದೊಡ್ಡ ಗಣಿಗಳಲ್ಲಿ ಸೈರನ್, ಹೆಲ್ಮೆಟ್, ಶಿಫ್ಟ್ ಪುಸ್ತಕ ಎಲ್ಲ ಸಾಮಾನ್ಯವಾಗಿ ಇರುತ್ತದೆ. ತೊಂದರೆ ಇರುವುದು ಹತ್ತಿಪ್ಪತ್ತು ಜನ ಕೆಲಸ ಮಾಡುವ ಗ್ರಾನೈಟ್ ಖಣಿಯಲ್ಲಿ, ವಿಜಯಪುರ ಕಡೆಯ ಕರಿಕಲ್ಲಿನ ಖಣಿ-ಕ್ರಷರುಗಳಲ್ಲಿ.

ಮ್ಯಾನೇಜರ್, ಮೇಟ್ ಅಲ್ಲಿ ನಿಂತು ಏನು ಮಾಡುತ್ತಾರೆ, ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ಉದಾಹರಣೆ ಸಾಕು. ರಾತ್ರಿ ಮಳೆ ಬಂದಿದೆ ಅಂತ ಇಟ್ಟುಕೊಳ್ಳಿ. ಗ್ರಾನೈಟಿನಲ್ಲಿ ಸಹಜವಾಗಿ ಸೀಳು ಇರುತ್ತವೆ, ಅದರೊಳಗೆ ಮಣ್ಣು ತುಂಬಿರುತ್ತದೆ, ನೀರು ಇಳಿದರೆ ಆ ಮಣ್ಣು ಜಾರುತ್ತದೆ, ನಿನ್ನೆ ಗಟ್ಟಿಯಾಗಿ ಕೂತಿದ್ದ ಕಲ್ಲು ಇವತ್ತು ಸುಮ್ನೆ ಕೂತಂತೆ ಕಾಣುತ್ತದೆ ಅಷ್ಟೇ. ಗೊತ್ತಿದ್ದವರು ಬೆಳಿಗ್ಗೆ ಮೊದಲು ಹಾರೆ ಹಿಡಿದು ಗೋಡೆಯನ್ನು ತಟ್ಟುತ್ತಾರೆ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಬಿಟ್ಟುಕೊಂಡಿದ್ದರೆ ಬೊದ್ ಅಂತ ಟೊಳ್ಳು ಸದ್ದು. ಟೊಳ್ಳು ಬಂದರೆ ಮೇಲೆ ನಿಂತು ಆ ಕಲ್ಲನ್ನು ಕೆಡವಿ, ಆಮೇಲೇ ಕೆಳಗೆ ಜನ ಬಿಡಬೇಕು. ಇದಕ್ಕೆ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ನೋಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಇದು ಯಾರದೋ ದಯೆಯಿಂದ ಮಾಡುವ ಕೆಲಸವಲ್ಲ, ನಿಯಮದಲ್ಲಿ ಬರೆದಿಟ್ಟ ಕೆಲಸ. ಅಂಚಿನಿಂದ 3 ಮೀಟರ್ ಒಳಗೆ ಸಡಿಲ ಕಲ್ಲು, ಗಿಡಮರ, ತ್ಯಾಜ್ಯ ಇರಬಾರದು ಅಂತಲೂ ಇದೆ. ಗಟ್ಟಿ ಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಂಚ್ ಬಿಡಬೇಕು, ಬೆಂಚಿನ ಎತ್ತರ 6 ಮೀಟರ್ ದಾಟಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ಮೆದು ಮಣ್ಣು, ಮೊರಂ ಇದ್ದರೆ ಒಂದೂವರೆ ಮೀಟರ್ ಅಷ್ಟೇ. ಇದಕ್ಕಿಂತ ಬೇರೆ ರೀತಿ ಮಾಡಬೇಕಾದರೆ ಅನುಮತಿ ತೆಗೆದುಕೊಳ್ಳಬೇಕು. ಮೂರು ಮಹಡಿ ಎತ್ತರದ ನೇರ ಗೋಡೆಯ ಬುಡದಲ್ಲಿ ಕೂತು ಊಟ ಮಾಡುವವರನ್ನು ನೋಡಬೇಕಾದರೆ ಯಾವ ಮಧ್ಯಾಹ್ನವಾದರೂ ನನ್ನ ಜೊತೆ ಬನ್ನಿ.

ಇನ್ನು ಮಾಲಕರ ಫೋನ್. ಇದು ನನಗೆ ಜಾಸ್ತಿ ಸಿಟ್ಟು ತರಿಸುವ ವಿಷಯ. ಮಾಲಕರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಹೋಗುತ್ತದೆ, ನಾಳೆ ಬೆಳಿಗ್ಗೆ ಬ್ಲಾಕ್ ಲೋಡ್ ಆಗಲೇಬೇಕು, ಏನಾದರೂ ಮಾಡು ಅಂತ. ಮೇಸ್ತ್ರಿ ಪಾಪ, ಏನಾದರೂ ಮಾಡುತ್ತಾನೆ. 1952ರ ಗಣಿ ಕಾಯ್ದೆಯ 17ನೇ ಕಲಂ ಈ ಫೋನನ್ನೇ ತಡೆಯಲು ಬರೆದ ಹಾಗಿತ್ತು. ಸುರಕ್ಷತೆಯ ಕರ್ತವ್ಯಕ್ಕೆ ಅಡ್ಡ ಬರುವಂಥ ಯಾವ ಸೂಚನೆಯನ್ನೂ ಮಾಲಕ ನೇರವಾಗಿ ಕೆಳಗಿನವರಿಗೆ ಕೊಡುವ ಹಾಗಿರಲಿಲ್ಲ, ತುರ್ತು ಸಂದರ್ಭ ಬಿಟ್ಟು. ಮ್ಯಾನೇಜರ್ ಮೂಲಕವೇ ಕೊಡಬೇಕಿತ್ತು. ಮ್ಯಾನೇಜರಿಗೆ ಕೊಟ್ಟ ಸೂಚನೆಯನ್ನು ಕೂಡಲೇ ಬರಹದಲ್ಲಿ ಖಚಿತಪಡಿಸಬೇಕಿತ್ತು. ಮಾಲಕರಿಂದ ಬರಹದಲ್ಲಿ ಕೊಡಿ ಸರ್ ಅಂತ ಕೇಳಿದ ಮ್ಯಾನೇಜರನ್ನು ನಾನು ಈವರೆಗೆ ಕಂಡಿಲ್ಲ. ಕೇಳಿದವರು ಆ ಕೆಲಸದಲ್ಲಿ ಉಳಿದಿರಲಿಕ್ಕಿಲ್ಲ.

ಹಾಗಂತ ಮ್ಯಾನೇಜರೊಬ್ಬರೇ ಬಲಿಪಶು ಆಗಬೇಕಾ? ಇಲ್ಲ. ಅದೇ ಕಾಯ್ದೆಯ 18ನೇ ಕಲಂ ಪ್ರಕಾರ ಸುರಕ್ಷತೆಗೆ ಬೇಕಾದ ಹಣ ಮತ್ತು ವ್ಯವಸ್ಥೆ ಮಾಡುವುದು ಮಾಲಕ ಮತ್ತು ಅವರ ಪರವಾಗಿ ಗಣಿ ನೋಡಿಕೊಳ್ಳುವ ಏಜೆಂಟರ ಹೊಣೆಯಾಗಿತ್ತು. ಯಾರೇ ನಿಯಮ ಮುರಿದರೂ ಮೇಲ್ವಿಚಾರಕ, ಮ್ಯಾನೇಜರ್, ಏಜೆಂಟ್, ಮಾಲಕ ಎಲ್ಲರೂ ತಪ್ಪಿತಸ್ಥರು ಅಂತಲೇ ಆ ಕಾನೂನು ನೋಡುತ್ತಿತ್ತು, ನಾವು ತಕ್ಕ ಎಚ್ಚರಿಕೆ ವಹಿಸಿದ್ದೆವು ಅಂತ ಅವರೇ ಸಾಬೀತು ಮಾಡಬೇಕಿತ್ತು. ಇಷ್ಟೆಲ್ಲ ಇದ್ದೂ ಕೇಸು ಹಿಟಾಚಿ ಚಾಲಕನ ಮೇಲೆ. ಅವನು ದೂರದ ರಾಜ್ಯದಿಂದ ಬಂದ ಇಪ್ಪತ್ತರ ಹುಡುಗ, ಕನ್ನಡ ಬರಲ್ಲ, ಎಫ್‌ಐಆರ್‌ನಲ್ಲಿ ಏನು ಬರೆದಿದ್ದಾರೆ ಅಂತಲೂ ಗೊತ್ತಾಗಲ್ಲ.

ನಮ್ಮದು ಸಣ್ಣ ಖಣಿ, ಆ ಕಾಯ್ದೆ ನಮಗೆ ಬರಲ್ಲ ಅನ್ನುವವರಿದ್ದಾರೆ. ಕಟ್ಟಡದ ಕಲ್ಲು, ಜಲ್ಲಿ, ಮೊರಂ, ಸುಣ್ಣದಕಲ್ಲು ಇಂಥವಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಆಳ ಎಲ್ಲೂ 6 ಮೀಟರ್ ದಾಟಿರಬಾರದು, ಯಾವ ದಿನವೂ 50 ಜನಕ್ಕಿಂತ ಜಾಸ್ತಿ ಇರಬಾರದು, ಸಿಡಿಮದ್ದು ಬಳಸಬಾರದು. ಮೂರೂ ಒಟ್ಟಿಗೆ ಇರಬೇಕು. ಒಂದು ಸಲ ಮದ್ದು ಸಿಡಿಸಿದರೆ ವಿನಾಯಿತಿ ಹೋಯಿತು. 18 ತುಂಬದವರನ್ನು ಕೆಲಸಕ್ಕೆ ಹಚ್ಚಬಾರದು ಅನ್ನುವುದಂತೂ ವಿನಾಯಿತಿ ಇದ್ದ ಖಣಿಗೂ ತಪ್ಪಿದ್ದಲ್ಲ. ಮದ್ದಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹೊಸದಾಗಿ ಪಾಠ ಬೇಕಿಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಎರಡರಲ್ಲೂ ಸ್ಫೋಟಕ ಸಿಡಿದು ಜನ ಸತ್ತರು. ಆಗ ಒಂದಷ್ಟು ದಿನ ತಪಾಸಣೆಯ ಭರಾಟೆ ಜೋರಾಗಿತ್ತು.

ಈಗ ಕಾನೂನು ಬದಲಾಗಿದೆಯಲ್ಲ ಅಂತ ಕೆಲವರು ಕೇಳಬಹುದು. ಹೌದು, ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಗಣಿ ಕಾಯ್ದೆ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿದೆ. ಆದರೆ ಮ್ಯಾನೇಜರ್ ಬೇಕು ಅನ್ನುವುದು ಹೋಗಿಲ್ಲ. ಬದಲಿಗೆ ಶಿಕ್ಷೆ ಬಿಗಿಯಾಗಿದೆ. ಹಿಂದೆ ಸಾವು ಸಂಭವಿಸಿದರೂ ದಂಡ ಐದು ಸಾವಿರ ದಾಟುತ್ತಿರಲಿಲ್ಲ. ಈಗ ಕರ್ತವ್ಯ ಮಾಡದೆ ಸಾವಾದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ 5 ಲಕ್ಷ ದಂಡ ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಹಣವನ್ನು ಸತ್ತವರ ಮನೆಯವರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಬೇಕು ಅಂತಲೂ ಇದೆ. ಇದು ಸಣ್ಣ ಮಾತಲ್ಲ, ಯಾಕೆಂದರೆ ಅಪಘಾತ ಆದ ಕೂಡಲೇ ಮೊದಲು ಬರುವ ಮಾತು ಅವನು ನಮ್ಮವನಲ್ಲ, ಯಾರನ್ನೋ ನೋಡಲು ಬಂದಿದ್ದ ಅನ್ನುವುದು.

ಆಮೇಲೆ ರಾಜಿ ಪಂಚಾಯಿತಿ. ಊರ ಹಿರಿಯರು ಕೂತು ಎರಡು ಲಕ್ಷವೋ ಮೂರು ಲಕ್ಷವೋ ಕೊಡಿಸಿ, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ ಮುಗಿಸುತ್ತಾರೆ. ಅಷ್ಟರೊಳಗೆ ಖಣಿಯಲ್ಲಿ ಹಿಟಾಚಿ ಓಡಾಡಿ ಜಾಗ ಸ್ವಚ್ಛ. ಸಾವಾದ ಜಾಗವನ್ನು ತಪಾಸಣೆ ಆಗುವವರೆಗೆ ಮುಟ್ಟಬಾರದು ಅಂತ ಕಾಯ್ದೆ, ತಪಾಸಣೆಯವರು ಬರದೇ ಇದ್ದರೂ 72 ಗಂಟೆ ಕಾಯಬೇಕು ಅಂತ ಹೇಳಿತ್ತು. ಹಣದ ಲೆಕ್ಕವನ್ನೂ ಮನೆಯವರು ತಿಳಿದಿರಬೇಕು. 1923ರ ಹಳೆಯ ಪರಿಹಾರ ಕಾಯ್ದೆಯ ಲೆಕ್ಕದಲ್ಲಿ, ತಿಂಗಳಿಗೆ 15,000 ಸಂಬಳದ 30 ವರ್ಷದ ಕಾರ್ಮಿಕ ಸತ್ತರೆ ಅರ್ಧ ಸಂಬಳವನ್ನು ಆ ವಯಸ್ಸಿಗೆ ಗೊತ್ತುಮಾಡಿದ್ದ 207.98 ಅನ್ನುವ ಅಂಕಿಯಿಂದ ಗುಣಿಸಬೇಕಿತ್ತು. 15 ಲಕ್ಷ 59 ಸಾವಿರದ 850 ರೂಪಾಯಿ ಬರುತ್ತಿತ್ತು. ಸಾವಿನ ಪ್ರಕರಣದಲ್ಲಿ ಮಾಲಕರು ನೇರ ಕೈಗೆ ಕೊಟ್ಟ ಹಣವನ್ನು ಆ ಕಾಯ್ದೆ ಪರಿಹಾರ ಅಂತ ಒಪ್ಪುತ್ತಲೇ ಇರಲಿಲ್ಲ, ಆಯುಕ್ತರ ಬಳಿ ಠೇವಣಿ ಇಡಬೇಕಿತ್ತು. ಹೆಬ್ಬೆಟ್ಟು ಒತ್ತುವ ಮೊದಲು ಒಬ್ಬ ವಕೀಲರನ್ನು ಕೇಳಿ ಅಂತ ಹೇಳುವ ಹಿರಿಯರು ನಮ್ಮ ಪಂಚಾಯಿತಿಗಳಲ್ಲಿ ಯಾಕಿಲ್ಲ?

ಸುದ್ದಿಯೇ ಆಗದ ಸಾವುಗಳೂ ಇವೆ. ನನ್ನ ಅಂಗಡಿಗೆ ಬರುವ ಜಾಕ್‌ಹ್ಯಾಮರುಗಳಲ್ಲಿ ನೀರಿನ ಪೈಪ್ ಜೋಡಿಸುವ ಜಾಗಕ್ಕೆ ಬಟ್ಟೆ ತುರುಕಿರುವುದನ್ನು ಬಹಳ ನೋಡಿದ್ದೇನೆ. ನೀರು ಬಿಟ್ಟು ತೂತು ಹೊಡೆದರೆ ಧೂಳು ಏಳುವುದಿಲ್ಲ, ಆದರೆ ಕೆಸರಾಗುತ್ತದೆ, ಕೆಲಸ ನಿಧಾನ, ನೀರಿನ ಟ್ಯಾಂಕರ್ ಖರ್ಚು ಬೇರೆ. ಒಣ ತೂತಿನ ಧೂಳು ಪುಪ್ಪುಸದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ, ಅದಕ್ಕೆ ವಾಸಿ ಅನ್ನುವುದಿಲ್ಲ. ಎಷ್ಟೋ ಸಲ ಟಿಬಿ ಅಂದುಕೊಂಡು ಗುಳಿಗೆ ನುಂಗುತ್ತಾ ಊರಿಗೆ ಹೋಗುತ್ತಾರೆ. ಧೂಳು ತಡೆಯುವುದೂ, ಕಾರ್ಮಿಕರ ವೈದ್ಯಕೀಯ ತಪಾಸಣೆ ಮಾಡಿಸುವುದೂ ಖಣಿ ನಡೆಸುವವರ ಕರ್ತವ್ಯವೇ.

ಮಾಲಕರ ಕಷ್ಟವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ರಿಪೇರಿ ಕೆಲಸ ಸಿಗಲ್ಲ. ಸರ್ಟಿಫಿಕೇಟ್ ಇರುವವರು ಸಣ್ಣ ಖಣಿಗೆ ಬರಲು ಒಪ್ಪುವುದಿಲ್ಲ, ಬಂದರೆ ಕೇಳುವ ಸಂಬಳ ಜಾಸ್ತಿ. ಲೀಸ್ ಕೊಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಸುರಕ್ಷತೆ ನೋಡುವುದು ಕೇಂದ್ರದ ಡಿಜಿಎಂಎಸ್ ಅಂದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅದರ ಮುಖ್ಯ ಕಚೇರಿ ಇರುವುದು ದೂರದ ಧನಬಾದ್‌ನಲ್ಲಿ. ಇಲಾಖೆಯವರು ರಾಜಧನದ ಲೆಕ್ಕ ನೋಡಿ ಹೋಗುತ್ತಾರೆ, ಗೋಡೆ ತಟ್ಟುವವರಿಲ್ಲ. ಹಾಗಿದ್ದರೆ ನಾಲ್ಕೈದು ಅಕ್ಕಪಕ್ಕದ ಖಣಿಗಳು ಸೇರಿ ಒಬ್ಬ ನಿಜವಾದ ಮ್ಯಾನೇಜರನ್ನು ಇಟ್ಟುಕೊಂಡು, ಅನುಮತಿಗೆ ಅರ್ಜಿ ಹಾಕಲಿ. ಪ್ರತಿ ಖಣಿಗೆ ಒಬ್ಬ ಸರ್ಟಿಫಿಕೇಟ್ ಇರುವ ಮೇಟ್ ಇರಲಿ. ನಮ್ಮ ಕಡೆಯ ಎಷ್ಟೋ ಹುಡುಗರು ವರ್ಷಗಟ್ಟಲೆ ಖಣಿಯಲ್ಲಿ ದುಡಿದವರು, ಅವರನ್ನು ಓದಿಸಿ ಆ ಪರೀಕ್ಷೆಗೆ ಕೂರಿಸಿದರೆ ಮೇಟ್ ಸಿಗಲ್ಲ ಅನ್ನುವ ಮಾತೇ ಬರುವುದಿಲ್ಲ.

ಜಿಲ್ಲಾಡಳಿತಕ್ಕೆ ನನ್ನದು ಒಂದೇ ಬೇಡಿಕೆ. ಪ್ರತಿ ಖಣಿಯ ಗೇಟಿನಲ್ಲಿ ಒಂದು ಬೋರ್ಡ್ ಹಾಕಿಸಿ. ಮಾಲಕರ ಹೆಸರು, ಮ್ಯಾನೇಜರ್ ಹೆಸರು, ಸರ್ಟಿಫಿಕೇಟ್ ನಂಬರ್, ಇವತ್ತಿನ ಶಿಫ್ಟಿನ ಮೇಟ್ ಯಾರು, ಮದ್ದು ಸಿಡಿಸುವ ಹೊತ್ತು ಎಷ್ಟು, ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ. ಲೀಸ್ ನವೀಕರಣಕ್ಕೆ ಬಂದಾಗ ಆ ಮ್ಯಾನೇಜರ್ ಖುದ್ದಾಗಿ ಬಂದು ಸಹಿ ಮಾಡಲಿ. ಅಷ್ಟು ಬೋರ್ಡ್ ಬರೆಯಲು ಇಳಕಲ್ಲಿನಲ್ಲಿ ಪೇಂಟರುಗಳಿಗೇನೂ ಕೊರತೆ ಇಲ್ಲ.

ನಿಮ್ಮ ವರದಿಗಾರರಿಗೂ ಒಂದು ಮಾತು. ಮುಂದಿನ ಸಲ ಖಣಿಗೆ ಹೋದಾಗ ಚಾಲಕನ ಹೆಸರು ಬರೆದುಕೊಂಡ ಮೇಲೆ ಬೆಳಗಿನ ತಪಾಸಣೆ ಪುಸ್ತಕ ತೋರಿಸಿ ಅಂತ ಕೇಳಿ, ಆ ದಿನದ ಪುಟದಲ್ಲಿ ಯಾರ ಸಹಿ ಇದೆ ಅಂತ ಸುದ್ದಿಯಲ್ಲಿ ಬರೆಯಿರಿ. ಪುಟ ಖಾಲಿ ಇದ್ದರೆ ಖಾಲಿ ಇತ್ತು ಅಂತಲೇ ಬರೆಯಿರಿ.

ಇಂತಿ,
ಕಂಪ್ರೆಸರ್ ರಿಪೇರಿಯವ, ಇಳಕಲ್