ಎಲ್ಲದಕ್ಕೂ ‘ಗೋಥಿಕ್’ ಅನ್ನಬೇಡ

ಪ್ರೀತಿಯ ತಂಗಿಗೆ,

ನಿನ್ನ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. ಅಧ್ಯಾಯದ ಉದ್ದ, ಪ್ರಕಾಶಕರು, ಮುಖಪುಟ ಇವನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ‘ನನಗೆ ಬರೆಯಲು ಬರುವುದಿಲ್ಲ’ ಎಂದಿದ್ದೀಯಲ್ಲ, ಅದು ಸುಳ್ಳು. ಅಜ್ಜಿ ಚರ್ಚಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುವ ಒಂದು ಸಾಲು ಸಾಕು. ಆದರೆ ಮರುಸಾಲಿಗೇ ‘ಗೋಥಿಕ್ ಕತ್ತಲೆ’ ಬಂದು ವಕ್ಕರಿಸಿದೆ!

ಗೋಥಿಕ್ ಎಂದರೆ ಮಧ್ಯಯುಗದ ಯುರೋಪಿನ ಚರ್ಚುಗಳ ಕಟ್ಟಡಶೈಲಿ; ಅದು ಬೆಳೆದದ್ದೇ ಬೆಳಕಿನ ಆಸೆಯಿಂದ. ಪ್ಯಾರಿಸ್ ಬಳಿಯ ಸಾಂ ದೆನಿ ಮಠದ ಚರ್ಚಿನಲ್ಲಿ ಮಠಾಧಿಪತಿ ಸುಜೇರ್ 1144ರಲ್ಲಿ ಪ್ರತಿಷ್ಠೆ ಮಾಡಿಸಿದ ಭಾಗದಿಂದ ಅದರ ಕಥೆ ಶುರು. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನು ಪಕ್ಕಕ್ಕೆ ಕಡಿಮೆ ದೂಡುತ್ತದೆ. ಚಾವಣಿಯ ಭಾರವನ್ನು ಕಲ್ಲಿನ ಏಣುಗಳು ಕಂಬಗಳಿಗೆ ಇಳಿಸುತ್ತವೆ. ಹೊರಗಿನ ಆಸರೆ ಕಮಾನುಗಳು ಉಳಿದ ಒತ್ತಡವನ್ನು ನೆಲಕ್ಕೆ ಮುಟ್ಟಿಸುತ್ತವೆ. ಗೋಡೆಯ ಹೊರೆ ಇಳಿದದ್ದರಿಂದ ಅಲ್ಲಿ ಬಣ್ಣದ ಗಾಜು ಕೂತಿತು. ಭಯವೇ ಬೇಕಿದ್ದರೆ ಫ್ರಾನ್ಸಿನ ಬೊವೆ ಊರಿನ ಕೆಥೆಡ್ರಲ್, ಅಂದರೆ ಬಿಷಪ್ಪರ ದೊಡ್ಡ ಚರ್ಚು, ನೋಡು: ಸುಮಾರು 48 ಮೀಟರ್ ಎತ್ತರಕ್ಕೆ ಏರಿಸಿದ ಚಾವಣಿ 1284ರಲ್ಲಿ ಕುಸಿಯಿತು. ಮತ್ತೆ ಕಟ್ಟುವಾಗ ಕಂಬಗಳ ನಡುನಡುವೆ ಹೊಸ ಕಂಬ ನಿಲ್ಲಿಸಿದರು. ನಿನ್ನ ಬಾವಲಿಗಳಿಗಿಂತ ಆ ಕಂಬಗಳೇ ಹೆಚ್ಚು ಹೆದರಿಸುತ್ತವೆ.

ಕತ್ತಲೆ ಬಂದದ್ದು ಕಾದಂಬರಿಯಿಂದ. ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್‌ಪೋಲ್ 1764ರಲ್ಲಿ ಹಳೇ ಕೋಟೆ, ಶಾಪ, ಸುರಂಗಗಳ ಕಥೆ ಬರೆದ. ಮರುವರ್ಷದ ಮುದ್ರಣದಲ್ಲಿ ಅದನ್ನು ಗೋಥಿಕ್ ಕಥೆ ಎಂದು ಕರೆದ. ಹೆಸರಿನ ಮೂಲ ಗಾಥ್ ಜನ; ಆದರೆ 410ರಲ್ಲಿ ರೋಮ್ ಸೂರೆ ಮಾಡಿದ ಅವರು ಈ ಚರ್ಚುಗಳನ್ನು ಕಟ್ಟಿದವರೇ ಅಲ್ಲ. ಆ ಹೆಸರು ಇಟಲಿಯ ರಿನೈಸಾನ್ಸ್ (ಪುನರುಜ್ಜೀವನ) ಕಾಲದ ಪಂಡಿತರು ಹೊರಿಸಿದ ಬೈಗುಳ. ದೆವ್ವದ ಕಥೆಗೆಲ್ಲ ಈ ಹಣೆಪಟ್ಟಿ ಅಂಟಿಸುವ ನಮ್ಮ ವಿಮರ್ಶಕರ ಮೇಲೆ ನನಗೆ ಹಳೇ ಸಿಟ್ಟಿದೆ. ಅವರ ಹೊಗಳಿಕೆಗೆಂದು ನೀನು ಬರೆಯಬೇಡ.

ಸಮಾಧಿಯ ಮೇಲೆ ‘ಗೋಥಿಕ್ ಅಕ್ಷರ’ ಎಂದಿದ್ದೀಯ. ಯಾವುದು? ಗುಟೆನ್‌ಬರ್ಗ್ ಬೈಬಲ್ಲಿನ ಒತ್ತೊತ್ತಾದ, ಮೂಲೆಮೂಲೆಯ ಕಪ್ಪಕ್ಷರವೋ? ಅಮೆರಿಕದ ಅಚ್ಚುಮೊಳೆಯವರು ಅದೇ ಹೆಸರನ್ನು ಬಾಲವಿಲ್ಲದ ಬೋಳು ಅಕ್ಷರಕ್ಕೆ ಇಟ್ಟಿದ್ದಾರೆ. 1902ರ ಫ್ರಾಂಕ್ಲಿನ್ ಗೋಥಿಕ್ ಎಂಬ ಅಚ್ಚಕ್ಷರ ಅಂಥದ್ದು. ಓದುಗನಿಗೆ ಅಕ್ಷರದ ಆಕಾರ ಕಾಣಲಿ.

ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ‘ಮಧ್ಯಯುಗದ್ದು’ ಎಂದು ಬರೆದದ್ದನ್ನು ಹೊಡೆದುಹಾಕು. ಅದರ ಅಡಿಗಲ್ಲು 1933ರದು, ಮಾದರಿ ಜರ್ಮನಿಯ ಕೊಲೋನಿನ ಕೆಥೆಡ್ರಲ್. ಒಳಗೆ ಹೋಗಿ ಒಂದು ಗಂಟೆ ಕೂತು ಬಾ, ಯಾವ ಕಿಟಕಿಯ ಬಣ್ಣ ಅಜ್ಜಿಯ ಸೆರಗಿನ ಮೇಲೆ ಬೀಳಬಹುದು ನೋಡಿ ಬರೆ. ಎರಡನೇ ಅಧ್ಯಾಯವನ್ನಷ್ಟೇ ತಿದ್ದಿ ಕಳಿಸು. ಮೆಟ್ಟಿಲಿನ ಸಾಲಿಗೆ ಕೈ ಹಚ್ಚಬೇಡ.